ಸಿಕಲ್ ಸೆಲ್: ಪರೀಕ್ಷೆ ಹಾಡಿಗೆ ಬಂತು, ಮಾತ್ರೆ ಎಲ್ಲಿ ನಿಂತಿತು?

ಹೆಗ್ಗಡದೇವನಕೋಟೆ ತಾಲ್ಲೂಕಿನ ನಕ್ಷೆ ಹರಡಿಕೊಂಡು, ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸುತ್ತ ಕೈವಾರದಿಂದ ಒಂದು ವೃತ್ತ ಎಳೆದು, ಒಳಗೆ ಬಿದ್ದ ಹಾಡಿಗಳಿಗೆಲ್ಲ, ಅಂದರೆ ಆದಿವಾಸಿಗಳ ಊರುಗಳಿಗೆಲ್ಲ, ‘ಸೇವೆ ಲಭ್ಯ’ ಎಂದು ಬರೆಯುವುದು ಹತ್ತು ನಿಮಿಷದ ಕೆಲಸ. ಕೈವಾರಕ್ಕೆ ಕಬಿನಿ ಹಿನ್ನೀರು ಅಡ್ಡ ಬರುವುದಿಲ್ಲ. ಸಂಜೆಯ ಮೇಲೆ ದಾರಿಗೆ ಇಳಿಯುವ ಆನೆಯೂ ಇಲ್ಲ, ಆರು ಗಂಟೆಗೆ ಮುಚ್ಚುವ ಅರಣ್ಯದ ಗೇಟೂ ಇಲ್ಲ. ಹಿನ್ನೀರಿನ ಆಚೆ ದಡದ ಹಾಡಿಗೆ ಈಚೆಯ ಆಸ್ಪತ್ರೆ ಕಣ್ಣಿಗೆ ಹತ್ತಿರ, ಕಾಲಿಗೆ ದೂರ. ಸಿಕಲ್ ಸೆಲ್ ಎಂಬ, ಹೆತ್ತವರಿಂದ ಬರುವ ರಕ್ತದ ಕಾಯಿಲೆ ಇರುವವರಿಗೆ ಆರೈಕೆ ಯಾಕೆ ಸಿಗುತ್ತಿಲ್ಲ ಎಂದು ನಕ್ಷೆ ಮಾಡಲು ಹೊರಟವರು ಮೊದಲು ಎಡವುವುದು ಇಲ್ಲೇ: ಗಂಟೆಯಲ್ಲಿ ಅಳೆಯಬೇಕಾದ್ದನ್ನು ಕಿಲೋಮೀಟರಿನಲ್ಲಿ ಅಳೆಯುತ್ತಾರೆ.

ಈ ಮಾತಿಗೆ ಈಗ ತುರ್ತಿದೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ರಾಷ್ಟ್ರೀಯ ಸಿಕಲ್ ಸೆಲ್ ಅನೀಮಿಯಾ ನಿರ್ಮೂಲನಾ ಅಭಿಯಾನ ಆರಂಭವಾಯಿತು. ಕರ್ನಾಟಕವೂ ಸೇರಿ 17 ರಾಜ್ಯಗಳು, ಹುಟ್ಟಿದ ಮಗುವಿನಿಂದ 40 ವರ್ಷದವರೆಗಿನ 7 ಕೋಟಿ ಜನರ ತಪಾಸಣೆ, 2047ರೊಳಗೆ ನಿರ್ಮೂಲನೆ ಎಂಬುದು ಅದರ ಗುರಿ. 2025ರ ಮಧ್ಯದ ಹೊತ್ತಿಗೆ ತಪಾಸಣೆ 6 ಕೋಟಿ ದಾಟಿತೆಂದು ಕೇಂದ್ರ ಸರ್ಕಾರ ಹೇಳಿತು. ಅದರಲ್ಲಿ ರೋಗಿಗಳೆಂದು ಗುರುತಾದವರು 2 ಲಕ್ಷಕ್ಕೂ ಹೆಚ್ಚು. ತಪಾಸಣೆಯ ಲೆಕ್ಕ ಹೀಗೆ ಓಡುತ್ತಿದೆ. ಗುರುತಾದವರಲ್ಲಿ ಈ ತಿಂಗಳ ಮಾತ್ರೆ ಎಷ್ಟು ಜನರ ಕೈ ಸೇರಿತು ಎಂಬ ಲೆಕ್ಕ ಅಷ್ಟೇ ಜೋರಾಗಿ ಕೇಳಿಬರುವುದಿಲ್ಲ. ರೋಗಿಯನ್ನು ಉಳಿಸುವುದು ಈ ಎರಡನೇ ಲೆಕ್ಕ.

ನೀಲಗಿರಿಯ ಆದಿವಾಸಿಗಳ ರಕ್ತದಲ್ಲಿ ಕುಡುಗೋಲು ಕಣಗಳನ್ನು, ಅಂದರೆ ಸಿಕಲ್ ಸೆಲ್‌ಗಳನ್ನು, ಲೇಮನ್ ಮತ್ತು ಕಟ್‌ಬುಷ್ ಎಂಬ ಸಂಶೋಧಕರು ವರದಿ ಮಾಡಿದ್ದು 1952ರಲ್ಲಿ. ನೀಲಗಿರಿ ಎಂದರೆ ಗುಂಡ್ಲುಪೇಟೆಯ ಬೆನ್ನಿಗಿರುವ ಬೆಟ್ಟ. ಅದೇ ಕಾಡಿನ ಈ ಮಗ್ಗುಲಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು, ಸೋಲಿಗರು ಇದ್ದಾರೆ. ಅಂದರೆ ಕಾಯಿಲೆ ಇಲ್ಲಿರಬಹುದು ಎಂಬ ಸುಳಿವು ಎಪ್ಪತ್ತು ವರ್ಷ ಹಳೆಯದು. ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್, ಗಡಿಯಾಚೆ ತಮಿಳುನಾಡಿನ ಗೂಡಲೂರಿನಲ್ಲಿ ಆದಿವಾಸಿ ಆಸ್ಪತ್ರೆ ಇವೆಲ್ಲ ಅಭಿಯಾನಕ್ಕಿಂತ ದಶಕಗಳ ಮೊದಲೇ ಆದಿವಾಸಿಗಳ ನಡುವೆ ಕೆಲಸ ಮಾಡಿಕೊಂಡು ಬಂದ ಸಂಸ್ಥೆಗಳು. ನಕ್ಷೆ ಮಾಡುವವರು ಮೊದಲು ಹೋಗಿ ಕೂರಬೇಕಾದದ್ದು ಇಂಥ ಕಡೆಗಳ ಹಳೆಯ ರಿಜಿಸ್ಟರ್‌ಗಳ ಮುಂದೆ.

ಕಾಯಿಲೆಯ ಬಗ್ಗೆ ಬೇಕಾದಷ್ಟೇ ಹೇಳುವುದಾದರೆ, ಹಿಮೋಗ್ಲೋಬಿನ್ ಕಟ್ಟುವ ಬೀಟಾ ಸರಪಳಿಯಲ್ಲಿ ಆರನೇ ಜಾಗದ ಒಂದು ಅಮೈನೋ ಆಮ್ಲ ಬದಲಾಗಿರುತ್ತದೆ. ಆಮ್ಲಜನಕ ಕಡಿಮೆಯಾದಾಗ ಈ ಹಿಮೋಗ್ಲೋಬಿನ್ ಸರಳುಗಟ್ಟಿ, ದುಂಡಗಿನ ಕೆಂಪು ಕಣ ಕುಡುಗೋಲಿನಂತೆ ಬಾಗುತ್ತದೆ. 120 ದಿನ ಬಾಳಬೇಕಾದ ಕಣ 10–20 ದಿನದಲ್ಲಿ ಒಡೆಯುತ್ತದೆ, ಅದರಿಂದ ರಕ್ತಹೀನತೆ. ಬಾಗಿದ ಕಣಗಳು ಸಣ್ಣ ನಾಳಗಳನ್ನು ಕಟ್ಟುತ್ತವೆ, ಅದರಿಂದ ನೋವು. ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದರೆ ಕಾಯಿಲೆ. ಒಬ್ಬರಿಂದ ಮಾತ್ರ ಬಂದರೆ ವಾಹಕ. ವಾಹಕರಿಗೆ ಔಷಧ ಬೇಡ, ಅವರು ರೋಗಿಗಳಲ್ಲ. ಈ ಒಂದು ವಾಕ್ಯ ಹಾಡಿಯವರೆಗೆ ಸರಿಯಾಗಿ ತಲುಪದೆ ಆಗಿರುವ ಹಾನಿ ಕಡಿಮೆಯಲ್ಲ.

ಬೆರಳು ಚುಚ್ಚಿದ ಮೇಲೆ

ಮೊದಲ ತಡೆ ಇರುವುದು ಪರೀಕ್ಷೆಯೊಳಗೇ. ಶಿಬಿರಗಳಲ್ಲಿ ಹೆಚ್ಚಾಗಿ ನಡೆಯುವುದು ಸಾಲ್ಯುಬಿಲಿಟಿ ಪರೀಕ್ಷೆ: ಡೈಥಯೊನೈಟ್ ಎಂಬ ರಾಸಾಯನಿಕದ ದ್ರಾವಣಕ್ಕೆ 20 ಮೈಕ್ರೊಲೀಟರ್ ರಕ್ತ ಹಾಕಿ, ಐದು ನಿಮಿಷ ಬಿಟ್ಟು, ಕೊಳವೆಯ ಹಿಂದೆ ಕಪ್ಪು ಗೆರೆಯ ಕಾಗದ ಹಿಡಿಯುತ್ತಾರೆ. ಗೆರೆ ಕಂಡರೆ ನೆಗೆಟಿವ್, ದ್ರಾವಣ ಮಬ್ಬಾಗಿ ಗೆರೆ ಮರೆಯಾದರೆ ಪಾಸಿಟಿವ್. ಅಗ್ಗದ, ಚುರುಕಾದ ಪರೀಕ್ಷೆ. ಆದರೆ ವಾಹಕನ ರಕ್ತವೂ ಮಬ್ಬಾಗುತ್ತದೆ, ರೋಗಿಯದೂ ಮಬ್ಬಾಗುತ್ತದೆ. ಯಾರು ಯಾರೆಂದು ಇದು ಹೇಳುವುದಿಲ್ಲ. ಆರು ತಿಂಗಳೊಳಗಿನ ಮಗುವಿನಲ್ಲಿ ಭ್ರೂಣದ ಹಿಮೋಗ್ಲೋಬಿನ್ ಹೆಚ್ಚಿರುವುದರಿಂದ ಕಾಯಿಲೆ ಇದ್ದರೂ ನೆಗೆಟಿವ್ ಬರಬಹುದು. ತೀವ್ರ ರಕ್ತಹೀನತೆ ಇದ್ದವರಲ್ಲೂ, ಇತ್ತೀಚೆಗೆ ರಕ್ತ ಹಾಕಿಸಿಕೊಂಡವರಲ್ಲೂ ಹೀಗೇ. ಗಾಳಿ ತಾಗಿದ ಡೈಥಯೊನೈಟ್ ಸತ್ವ ಕಳೆದುಕೊಳ್ಳುತ್ತದೆ. ಪ್ರತಿ ಬೆಳಿಗ್ಗೆ ಗೊತ್ತಿರುವ ಒಂದು ಪಾಸಿಟಿವ್, ಒಂದು ನೆಗೆಟಿವ್ ಮಾದರಿ ಓಡಿಸಿ ನೋಡದಿದ್ದರೆ ಇಡೀ ದಿನದ ಶಿಬಿರ ಸುಳ್ಳಾಗುತ್ತದೆ. ಬೆರಳ ತುದಿಯ ರಕ್ತದಿಂದ ವಾಹಕ ಮತ್ತು ರೋಗಿಯನ್ನು ಬೇರ್ಪಡಿಸಿ ಹೇಳುವ ಪಟ್ಟಿ ಮಾದರಿಯ ಕಿಟ್‌ಗಳೂ ಈಗ ಬಳಕೆಯಲ್ಲಿವೆ. ಆದರೂ ಅಂತಿಮ ಮಾತು ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ತೋರಿಸುವ ಪ್ರಯೋಗಾಲಯದ ಪರೀಕ್ಷೆಗಳಾದ ಎಚ್‌ಪಿಎಲ್‌ಸಿ ಅಥವಾ ಎಲೆಕ್ಟ್ರೊಫೊರೆಸಿಸ್‌ನದು.

ಎಚ್‌ಪಿಎಲ್‌ಸಿ ಯಂತ್ರ ಇರುವುದು ಸಾಮಾನ್ಯವಾಗಿ ಜಿಲ್ಲಾ ಕೇಂದ್ರದಲ್ಲಿ ಅಥವಾ ವೈದ್ಯಕೀಯ ಕಾಲೇಜಿನಲ್ಲಿ. ಹಾಡಿಯಲ್ಲಿ ತೆಗೆದ 2 ಮಿಲಿಲೀಟರ್ ರಕ್ತ ನೇರಳೆ ಮುಚ್ಚಳದ ಕೊಳವೆಯಲ್ಲಿ, ತಂಪು ಪೆಟ್ಟಿಗೆಯಲ್ಲಿ ಅಲ್ಲಿಗೆ ಹೋಗುತ್ತದೆ. ಹೋಗುವುದು ಕಷ್ಟವಲ್ಲ, ವರದಿ ವಾಪಸ್ ಬರುವುದು ಕಷ್ಟ. ಹಾಡಿಯಲ್ಲಿ ಒಂದೇ ಹೆಸರಿನವರು ನಾಲ್ಕು ಜನ, ಇನಿಷಿಯಲ್ ಇಲ್ಲ. ಆಧಾರ್‌ನಲ್ಲಿ ಒಂದು ಸ್ಪೆಲಿಂಗ್, ಪಡಿತರ ಚೀಟಿಯಲ್ಲಿ ಇನ್ನೊಂದು, ಶಿಬಿರದ ಹಾಳೆಯಲ್ಲಿ ಮೂರನೆಯದು. ಕೊಟ್ಟ ಮೊಬೈಲ್ ನಂಬರ್ ಅಂಗಡಿಯವನದು. ವರದಿ ಪೋರ್ಟಲ್‌ಗೆ ಏರುತ್ತದೆ, ಮನೆಗೆ ಬರುವುದಿಲ್ಲ. ಮುಂದಿನ ವರ್ಷ ಇನ್ನೊಂದು ತಂಡ ಬಂದು ಅದೇ ಬೆರಳನ್ನು ಮತ್ತೆ ಚುಚ್ಚುತ್ತದೆ. ಎರಡು ಮೂರು ಸಲ ಹೀಗಾದ ಮೇಲೆ ಶಿಬಿರದ ಜೀಪಿನ ಸದ್ದು ಕೇಳಿ ಜನ ಕಾಡಿನ ಕಡೆ ನಡೆದರೆ ಅದಕ್ಕೆ ‘ಅರಿವಿನ ಕೊರತೆ’ ಎಂದು ಹೆಸರಿಡುವುದು ಅನ್ಯಾಯ. ಅವರಿಗೆ ಅರಿವಾಗಿದೆ, ರಕ್ತ ಕೊಟ್ಟರೆ ಏನೂ ಬರುವುದಿಲ್ಲ ಎಂದು.

ಇನ್ನೊಂದು ತಡೆ ಅಂಕಿಗಳಲ್ಲೇ ಅಡಗಿಕೊಂಡಿರುತ್ತದೆ. ಈ ಕಾಯಿಲೆಯ ಮಕ್ಕಳಿಗೆ ಅತಿ ಅಪಾಯದ ಕಾಲ ಆರು ತಿಂಗಳಿನಿಂದ ಐದು ವರ್ಷ. ಗುಲ್ಮದೊಳಗೆ (ಸ್ಪ್ಲೀನ್) ರಕ್ತ ದಿಢೀರನೆ ತುಂಬಿಕೊಂಡು ಕೆಲವೇ ಗಂಟೆಗಳಲ್ಲಿ ಮಗು ಹೋಗಬಹುದು. ಗುಲ್ಮ ಕೆಲಸ ನಿಲ್ಲಿಸಿದ ಮೇಲೆ ನ್ಯೂಮೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ಅಷ್ಟೇ ವೇಗವಾಗಿ ಕೊಲ್ಲುತ್ತದೆ. ತಪಾಸಣೆ ಸುಲಭವಾಗಿ ನಡೆಯುವುದು ಆಶ್ರಮ ಶಾಲೆಗಳಲ್ಲಿ, ಏಕೆಂದರೆ ಮಕ್ಕಳು ಸಾಲಾಗಿ ಸಿಗುತ್ತಾರೆ. ಆದರೆ ಶಾಲೆಯ ಶಿಬಿರ ಎಣಿಸುವುದು ಶಾಲೆಗೆ ಬರುವ ತನಕ ಉಳಿದವರನ್ನು. ಆ ಪಟ್ಟಿ ನೋಡಿ ‘ನಮ್ಮಲ್ಲಿ ಕಾಯಿಲೆ ಸೌಮ್ಯ’ ಎಂದುಬಿಡುವುದು ಸುಲಭ. ಭಾರತದಲ್ಲಿ ಹೆಚ್ಚಾಗಿ ಕಾಣುವ ಅರಬ್–ಭಾರತೀಯ ಮಾದರಿಯಲ್ಲಿ ಭ್ರೂಣದ ಹಿಮೋಗ್ಲೋಬಿನ್ ಹೆಚ್ಚು ಉಳಿಯುವುದು ನಿಜ, ಅದು ಸ್ವಲ್ಪ ರಕ್ಷಣೆ ಕೊಡುವುದೂ ನಿಜ. ಹಾಗೆಂದು ಹೆರಿಗೆಯಾದ ಕೂಡಲೇ ಹಿಮ್ಮಡಿಯಿಂದ ರಕ್ತ ತೆಗೆದು ನೋಡುವ ಕೆಲಸವನ್ನು ಮುಂದೂಡಲು ಅದು ನೆಪವಾಗಬಾರದು.

ಒಂದು ಕ್ಯಾಪ್ಸೂಲಿನ ಗಣಿತ

ಹೈಡ್ರಾಕ್ಸಿಯೂರಿಯಾ ಈ ಕಾಯಿಲೆಯ ಮುಖ್ಯ ಔಷಧ. ಭ್ರೂಣದ ಹಿಮೋಗ್ಲೋಬಿನ್ ಹೆಚ್ಚಿಸಿ ನೋವಿನ ಸರದಿಗಳನ್ನೂ ಎದೆಯ ತೊಡಕನ್ನೂ ರಕ್ತ ಹಾಕಿಸಿಕೊಳ್ಳುವ ಅಗತ್ಯವನ್ನೂ ಇಳಿಸುತ್ತದೆ. ಅಪರೂಪದ ಔಷಧವಲ್ಲ, ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲೇ ಇದೆ. ಹಾಗಿದ್ದರೆ ತೊಂದರೆ ಎಲ್ಲಿ?

ಒಂದು, ಅಳತೆಯಲ್ಲಿ. ಔಷಧ ಸಿಗುವುದು ಬಹುತೇಕ 500 ಮಿಲಿಗ್ರಾಂ ಕ್ಯಾಪ್ಸೂಲ್ ಆಗಿ. 15 ಕಿಲೋ ತೂಕದ ಮಗುವಿಗೆ ಕಿಲೋಗೆ 10 ಮಿಲಿಗ್ರಾಂ ಲೆಕ್ಕದಲ್ಲಿ ಬೇಕಾದದ್ದು ದಿನಕ್ಕೆ 150 ಮಿಲಿಗ್ರಾಂ. ಕ್ಯಾಪ್ಸೂಲ್ ಬಿಚ್ಚಿ 10 ಮಿಲಿಲೀಟರ್ ನೀರಿನಲ್ಲಿ ಕದಡಿ, ಸಿರಿಂಜಿನಿಂದ 3 ಮಿಲಿಲೀಟರ್ ಎಳೆದು ಕೊಡಬೇಕು, ಉಳಿದದ್ದು ವ್ಯರ್ಥ. ಆ ಪುಡಿಯನ್ನು ಗರ್ಭಿಣಿ ಮುಟ್ಟಬಾರದು; ಎಷ್ಟೋ ಮನೆಗಳಲ್ಲಿ ಔಷಧ ಕೊಡುವವಳು ಮತ್ತೆ ಬಸುರಿಯಾಗಿರುವ ತಾಯಿಯೇ. ದ್ರವರೂಪದ ತಯಾರಿಕೆ ಭಾರತದಲ್ಲೂ ಆಗಿದೆ, ಹಾಡಿಯ ಕೈಗೆ ಎಟುಕುವುದು ಬಾಕಿ. ದೊಡ್ಡವರಲ್ಲಿ ಬೇರೆ ತರಹದ ಎಡವಟ್ಟು. 50 ಕಿಲೋ ತೂಕದವರಿಗೆ ಕಿಲೋಗೆ 15 ಮಿಲಿಗ್ರಾಂ ಎಂದರೆ ದಿನಕ್ಕೆ 750. ಒಂದು ದಿನ ಒಂದು, ಮರುದಿನ ಎರಡು ಕ್ಯಾಪ್ಸೂಲ್ ಎಂದು ಬರೆಯುತ್ತಾರೆ. ತಿಂಗಳಿಗೆ 45 ಬೇಕು. ಕೌಂಟರಿನಲ್ಲಿ ‘ತಿಂಗಳ ಮಾತ್ರೆ’ ಎಂದು ಮೂರು ಸ್ಟ್ರಿಪ್, ಅಂದರೆ 30, ಕೊಟ್ಟು ಕಳಿಸಿದರೆ ಇಪ್ಪತ್ತನೇ ದಿನಕ್ಕೆ ಮುಗಿಯುತ್ತದೆ. ರಿಜಿಸ್ಟರಿನಲ್ಲಿ ಮಾತ್ರ ಆ ತಿಂಗಳು ಪೂರ್ಣ.

ಎರಡು, ನಿಗಾದಲ್ಲಿ. ಈ ಔಷಧ ಬಿಳಿ ಕಣಗಳನ್ನೂ ಪ್ಲೇಟ್‌ಲೆಟ್‌ಗಳನ್ನೂ ಇಳಿಸಬಲ್ಲದು. ಆದ್ದರಿಂದ ಆರಂಭದಲ್ಲಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಔಷಧದ ಪ್ರಮಾಣ ಸ್ಥಿರವಾದ ಮೇಲೆ ಎರಡು ಮೂರು ತಿಂಗಳಿಗೊಮ್ಮೆ ರಕ್ತ ಕಣಗಳ ಎಣಿಕೆ ಬೇಕು. ಪ್ಲೇಟ್‌ಲೆಟ್ 80,000ಕ್ಕಿಂತ ಕೆಳಗೆ ಹೋದರೆ ಔಷಧ ನಿಲ್ಲಿಸಿ, ಮತ್ತೆ ಏರಿದ ಮೇಲೆ ಶುರು ಮಾಡಬೇಕು. ಎಣಿಕೆ ಯಂತ್ರಕ್ಕೆ ಹಾಕುವ ರಾಸಾಯನಿಕ, ಅಂದರೆ ರೀಏಜೆಂಟ್, ಮುಗಿದಿದೆ ಎಂಬ ಒಂದೇ ಕಾರಣಕ್ಕೆ ವೈದ್ಯರು ಔಷಧ ಬರೆಯಲು ಹಿಂಜರಿಯುತ್ತಾರೆ. ಅದು ಸೋಮಾರಿತನವಲ್ಲ, ಕ್ಯಾನ್ಸರ್ ಔಷಧ ಎಂಬ ಹೆಸರು ಹೊತ್ತ ಮಾತ್ರೆಯನ್ನು ಕಣ್ಣು ಮುಚ್ಚಿ ಕೊಡಬಾರದೆಂಬ ಭಯ. ಆದರೆ ಹಾಗೆ ಕೊಡದೆ ಉಳಿದದ್ದರ ಬೆಲೆಯನ್ನು ಯಾರೂ ದಾಖಲಿಸುವುದಿಲ್ಲ.

ಮೂರು, ಫಲ ಕಾಣುವ ಕಾಲದಲ್ಲಿ. ಮಾತ್ರೆ ನುಂಗಿದ ದಿನ ನೋವು ಹೋಗುವುದಿಲ್ಲ, ಪರಿಣಾಮಕ್ಕೆ ಮೂರರಿಂದ ಆರು ತಿಂಗಳು ಬೇಕು. ಇದನ್ನು ಮೊದಲ ದಿನವೇ ಹೇಳದಿದ್ದರೆ ಎರಡನೇ ಸ್ಟ್ರಿಪ್ ಮುಗಿಯುವ ಮೊದಲೇ ‘ಇದು ಕೆಲಸ ಮಾಡಲ್ಲ’ ಎಂದು ಬಿಡುತ್ತಾರೆ. ಕೆಲಸ ಮಾಡಿದರೂ ಬಿಡುತ್ತಾರೆ, ನೋವೇ ಇಲ್ಲವಲ್ಲ, ಮಾತ್ರೆ ಯಾಕೆ ಎಂದು. ನಿಜಕ್ಕೂ ನುಂಗುತ್ತಿದ್ದಾರೆಯೇ ಎಂದು ಗದರದೆ ತಿಳಿಯುವ ಒಂದು ದಾರಿ ರಕ್ತ ಎಣಿಕೆಯ ವರದಿಯಲ್ಲೇ ಇದೆ. ಔಷಧ ಕ್ರಮವಾಗಿ ಹೋಗುತ್ತಿದ್ದರೆ ಕೆಂಪು ಕಣದ ಸರಾಸರಿ ಗಾತ್ರ, ಅಂದರೆ ಎಂಸಿವಿ, ಮೆಲ್ಲಗೆ ಏರುತ್ತದೆ. ಆದರೆ ನಮ್ಮ ಆದಿವಾಸಿಗಳಲ್ಲಿ ಆಲ್ಫಾ ಥಲಸ್ಸೀಮಿಯಾ ಎಂಬ ಇನ್ನೊಂದು ಆನುವಂಶಿಕ ರಕ್ತದೋಷ ಸಾಮಾನ್ಯ, ಅದು ಈ ಅಂಕಿಯನ್ನು ಮೊದಲೇ ತಗ್ಗಿಸಿರುತ್ತದೆ. ಆದ್ದರಿಂದ ಪುಸ್ತಕದ ಸಂಖ್ಯೆಗೆ ಹೋಲಿಸದೆ, ಔಷಧ ಶುರುವಾಗುವ ಮುನ್ನ ಅದೇ ವ್ಯಕ್ತಿಯಲ್ಲಿ ಎಷ್ಟಿತ್ತೋ ಅದಕ್ಕೆ ಹೋಲಿಸಬೇಕು. ಮೊದಲ ವರದಿ ಕಳೆದುಹೋಗಿದ್ದರೆ ಈ ದಾರಿಯೂ ಮುಚ್ಚಿದಂತೆ.

ಮಕ್ಕಳಿಗೆ ಬೇಕಾದದ್ದು ಇದೊಂದೇ ಅಲ್ಲ. ಐದು ವರ್ಷದವರೆಗೆ ದಿನಕ್ಕೆರಡು ಸಲ ಪೆನಿಸಿಲಿನ್ ಕೊಡಬೇಕು: ಮೂರು ವರ್ಷದೊಳಗೆ 125, ಆಮೇಲೆ 250 ಮಿಲಿಗ್ರಾಂ. ಬಾಯಿಯ ಮೂಲಕ ಕೊಡುವ ಈ ಅಗ್ಗದ ಪೆನಿಸಿಲಿನ್ ಹುಡುಕಿದರೂ ಸಿಗದ ವಸ್ತುವಾಗಿದೆ. ನ್ಯೂಮೊಕಾಕಸ್ ಲಸಿಕೆ 6 ವಾರ, 14 ವಾರ, 9 ತಿಂಗಳಿಗೆ ಸರ್ಕಾರದ ಲಸಿಕಾ ಪಟ್ಟಿಯಲ್ಲಿದೆ. ಎರಡು ವರ್ಷದ ಮೇಲೆ ಈ ಮಕ್ಕಳಿಗೆ ಬೇಕಾದ 23 ತಳಿಗಳ ಇನ್ನೊಂದು ಲಸಿಕೆ ಆ ಪಟ್ಟಿಯಲ್ಲಿಲ್ಲ. ಎರಡರಿಂದ 16 ವರ್ಷದವರೆಗೆ ವರ್ಷಕ್ಕೊಮ್ಮೆ ತಲೆಯ ಡಾಪ್ಲರ್ ಸ್ಕ್ಯಾನ್ ಮಾಡಿ, ಮೆದುಳಿನ ನಾಳದಲ್ಲಿ ರಕ್ತದ ವೇಗ ಸೆಕೆಂಡಿಗೆ 200 ಸೆಂಟಿಮೀಟರ್ ಮುಟ್ಟಿದೆಯೇ ನೋಡಬೇಕು, ಮುಟ್ಟಿದ್ದರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚು. ಇದಕ್ಕೆ ತರಬೇತಾದ ಕೈ ತಾಲ್ಲೂಕು ಮಟ್ಟದಲ್ಲಿ ಸಿಗುವುದು ಕಷ್ಟ. ಇವಿಷ್ಟರಲ್ಲಿ ದುಡ್ಡೇ ಬೇಡದ ಒಂದು ಕೆಲಸವೂ ಇದೆ: ಮಗುವಿನ ಎಡ ಪಕ್ಕೆಲುಬಿನ ಕೆಳಗೆ ಬೆರಳಿಟ್ಟು ಗುಲ್ಮ ದೊಡ್ಡದಾಗಿದೆಯೇ ನೋಡುವುದನ್ನು ತಾಯಿಗೆ ಕಲಿಸುವುದು. ಹತ್ತು ನಿಮಿಷ ಸಾಕು, ಆ ಹತ್ತು ನಿಮಿಷ ಯಾರ ಕೆಲಸ ಎಂದು ಬರೆದಿಡಬೇಕು ಅಷ್ಟೆ.

ರಾತ್ರಿ ನೋವು ಬಂದರೆ

ನೋವಿನ ಸರದಿ ರೋಗಿಯ ಮೈಮೇಲೆ ಗುರುತು ಬಿಡುವುದಿಲ್ಲ. ಗಾಯವಿಲ್ಲ, ಬಾವಿಲ್ಲ, ನಾಡಿ ರಕ್ತದೊತ್ತಡ ಸರಿಯಾಗೇ ಇರಬಹುದು. ಕೂಲಿಗೆ ಹೋಗಲಾರದೆ ನರಳುವವನನ್ನು ‘ಕುಡಿದಿದ್ದಾನೆ’ ಎಂದೋ ‘ಇಂಜೆಕ್ಷನ್ ಚಟ’ ಎಂದೋ ಕೂರಿಸಿಬಿಡುವುದು ಈ ಕಾಯಿಲೆಯ ಲೋಕದಲ್ಲಿ ಎಲ್ಲೆಲ್ಲೂ ಇರುವ ದೂರು. ಆಸ್ಪತ್ರೆಗೆ ಬಂದ ಒಂದು ಗಂಟೆಯೊಳಗೆ ಮೊದಲ ನೋವು ನಿವಾರಕ ಸಿಗಬೇಕು, ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆಗೊಮ್ಮೆ ನೋವು ಇಳಿಯಿತೇ ಎಂದು ಕೇಳಬೇಕು ಎಂಬುದು ಒಪ್ಪಿತ ನಿಯಮ. ನಡೆಯುವುದು ಒಂದು ಡೈಕ್ಲೊಫೆನಾಕ್ ಇಂಜೆಕ್ಷನ್, ಮೇಲೊಂದು ಗ್ಲೂಕೋಸ್ ಬಾಟಲಿ. ಡೈಕ್ಲೊಫೆನಾಕ್ ಪದೇ ಪದೇ ಕೊಟ್ಟರೆ ಈ ಕಾಯಿಲೆಯಲ್ಲಿ ಮೊದಲೇ ಸೊರಗಿರುವ ಮೂತ್ರಪಿಂಡಕ್ಕೆ ಏಟು. ತೀವ್ರ ನೋವಿಗೆ ಬೇಕಾದದ್ದು ಮಾರ್ಫಿನ್. 1985ರ ಮಾದಕ ವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಆಗಿ, ಮಾನ್ಯತೆ ಪಡೆದ ಆಸ್ಪತ್ರೆ ಹಲವು ಲೈಸೆನ್ಸುಗಳ ಗೊಡವೆಯಿಲ್ಲದೆ ಅದನ್ನು ಇಟ್ಟುಕೊಳ್ಳಲು ದಾರಿಯಾಯಿತು. ಆ ಮಾನ್ಯತೆಗೆ ಅರ್ಜಿ ಹಾಕಿದ ತಾಲ್ಲೂಕು ಆಸ್ಪತ್ರೆಗಳು ಎಷ್ಟು ಎಂಬುದು ನಕ್ಷೆಯಲ್ಲಿ ಇರಬೇಕಾದ ಒಂದು ಚುಕ್ಕೆ.

ರಕ್ತದ ವಿಷಯದಲ್ಲಿ ಎರಡು ಬಗೆಯ ತಪ್ಪು ಒಟ್ಟಿಗೆ ನಡೆಯುತ್ತವೆ. ಬೇಕಾದವರಿಗೆ ಸಿಗುವುದಿಲ್ಲ, ಬೇಡದವರಿಗೆ ಹಾಕುತ್ತಾರೆ. ಹಿಮೋಗ್ಲೋಬಿನ್ 7 ಅಥವಾ 8 ಎಂಬುದು ಎಷ್ಟೋ ರೋಗಿಗಳಿಗೆ ದಿನನಿತ್ಯದ ಮಟ್ಟ, ಅದರಲ್ಲೇ ಓಡಾಡುತ್ತಾರೆ. ಆ ಅಂಕಿ ನೋಡಿ ಗಾಬರಿಯಾಗಿ ರಕ್ತ ಏರಿಸುತ್ತಾ 10 ದಾಟಿಸಿದರೆ ರಕ್ತ ದಪ್ಪವಾಗಿ ನಾಳ ಕಟ್ಟುವ ಅಪಾಯ ಹೆಚ್ಚುತ್ತದೆ. ಇಂಥದೇ ಇನ್ನೊಂದು, ರಕ್ತಹೀನತೆ ಎಂದ ಕೂಡಲೇ ಕೊಡುವ ಕಬ್ಬಿಣದ ಮಾತ್ರೆ. ಕಬ್ಬಿಣದ ಕೊರತೆ ಇದೆಯೋ ನೋಡದೆ, ರಕ್ತ ಹಾಕಿಸಿಕೊಳ್ಳುವವರಿಗೂ ಅದನ್ನು ವರ್ಷಗಟ್ಟಲೆ ಕೊಟ್ಟರೆ ಯಕೃತ್ತಿನಲ್ಲಿ ಹೋಗಿ ಕೂರುತ್ತದೆ. ಅವರಿಗೆ ಬೇಕಿರುವುದು ಫೋಲಿಕ್ ಆಮ್ಲ.

ಇನ್ನು ದಾರಿ. ಮೈಸೂರಿನಿಂದ ಅಂತರಸಂತೆ, ಬಾವಲಿ ಮೂಲಕ ಕೇರಳದ ಮಾನಂದವಾಡಿಗೆ ಹೋಗುವ ರಸ್ತೆ ನಾಗರಹೊಳೆಯ ಕಾಡಿನಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6. ಆಂಬುಲೆನ್ಸ್‌ಗೆ ತಡೆಯಿಲ್ಲ, ಅದು ಸರಿ. ಆದರೆ 108ಕ್ಕೆ ಕರೆ ಹೋಗಲು ಹಾಡಿಯಲ್ಲಿ ನೆಟ್‌ವರ್ಕ್ ಬೇಕು. ನೆಟ್‌ವರ್ಕ್ ಇಲ್ಲದವರು ಹಿಡಿಯುವುದು ಪಕ್ಕದೂರಿನ ಖಾಸಗಿ ಜೀಪು, ಅದು ಆಂಬುಲೆನ್ಸ್ ಅಲ್ಲ. ಕಾಡಿನ ನಿಯಮ ತಪ್ಪು ಎಂದು ವಾದಿಸುವ ಅಗತ್ಯವಿಲ್ಲ. ರೋಗಿಯ ಕಾರ್ಡ್ ತೋರಿಸಿದರೆ ಯಾವ ವಾಹನವಾದರೂ ಬಿಡಬೇಕೆಂದು ಗೇಟಿನ ಪುಸ್ತಕದಲ್ಲಿ ಲಿಖಿತವಾಗಿ ಇದ್ದರೆ ಸಾಕು. ವಾಚರ್‌ನ ದಯೆಯ ಮೇಲೆ ಬಿಡುವ ಸಂಗತಿ ಇದಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಉಚಿತವಾದದ್ದು ಔಷಧ ತರಲು ಹೋಗುವ ತಾಯಂದಿರಿಗೆ ನಿಜವಾದ ಅನುಕೂಲ, ಬಸ್ ಬರುವ ಊರಾದರೆ.

ಕೇರಳ ಗಡಿಯಂಚಿನ ಡಿ.ಬಿ. ಕುಪ್ಪೆಯ ಕಡೆಯವರಿಗೆ ಮೈಸೂರಿಗಿಂತ ಮಾನಂದವಾಡಿ ಹತ್ತಿರ. ಅಲ್ಲಿನ ಆಸ್ಪತ್ರೆ ಈಗ ವಯನಾಡಿನ ಸರ್ಕಾರಿ ವೈದ್ಯಕೀಯ ಕಾಲೇಜು, ಆ ಜಿಲ್ಲೆಗೆ ಸಿಕಲ್ ಸೆಲ್ ಹೊಸದೂ ಅಲ್ಲ. ಆದರೆ ರೋಗಿಯ ದಾಖಲೆ, ಮಾತ್ರೆ, ವಿಮೆ ಎಲ್ಲವೂ ಕರ್ನಾಟಕದಲ್ಲಿ. ಕಾಯಿಲೆ ಹಂಚಿಕೊಂಡಿರುವ ಮೂರು ರಾಜ್ಯಗಳ ಗಡಿಯಲ್ಲಿ ದಾಖಲೆ ಹಂಚಿಕೊಳ್ಳುವ ಒಂದು ಸರಳ ಒಪ್ಪಂದ ಅಭಿಯಾನದ ಕಟ್ಟಡಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂದೀತು.

ವಿಮೆಯ ಮಾತು ಬಂದಿದ್ದರಿಂದ ಇಲ್ಲೇ ಹೇಳಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರ ಖರ್ಚು ನೋಡುತ್ತದೆ. ಸಿಕಲ್ ಸೆಲ್ ಆರೈಕೆಯ ಬಹುಪಾಲು ಹೊರರೋಗಿ ವಿಭಾಗದಲ್ಲಿ ಆಗುವಂಥದ್ದು: ಮಾತ್ರೆ, ರಕ್ತ ಎಣಿಕೆ, ಡಾಪ್ಲರ್, ಬಸ್ ಚಾರ್ಜು, ಹೋದ ದಿನದ ಕೂಲಿ. ಹದಗೆಟ್ಟ ಮೇಲೆ ದುಡ್ಡು ಬರುವ, ಹದಗೆಡದಂತೆ ನೋಡಿಕೊಳ್ಳಲು ದುಡ್ಡು ಬಾರದ ಏರ್ಪಾಡು ಇದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಅಂಗವೈಕಲ್ಯಗಳಲ್ಲಿ ಸಿಕಲ್ ಸೆಲ್ ಅನ್ನೂ ಸೇರಿಸಿತು. ಆದರೆ ಬಹುತೇಕ ಸವಲತ್ತುಗಳಿಗೆ 40 ಪ್ರತಿಶತ ಎಂಬ ಪ್ರಮಾಣಪತ್ರ ಬೇಕು. ಎಷ್ಟು ಸಲ ನೋವು ಬಂತು, ಎಷ್ಟು ಸಲ ರಕ್ತ ಹಾಕಿಸಿಕೊಂಡರು ಎಂಬುದಕ್ಕೆ ದಾಖಲೆ ತೋರಿಸಬೇಕು. ಮನೆಯಲ್ಲೇ ನರಳಿದವರ ಬಳಿ ದಾಖಲೆ ಎಲ್ಲಿಂದ ಬರಬೇಕು? ಅದೇ ಕಾಯ್ದೆಯ 34ನೇ ಕಲಮಿನ 4 ಪ್ರತಿಶತ ಉದ್ಯೋಗ ಮೀಸಲಾತಿಯಲ್ಲಿ ರಕ್ತದ ಕಾಯಿಲೆಗಳಿಗೆ ಜಾಗವೇ ಇಲ್ಲ.

ಕಾರ್ಡು ಮತ್ತು ಮದುವೆ

ಯಾರು ರೋಗಿ, ಯಾರು ವಾಹಕ ಎಂದು ತಿಳಿಸುವ ಬಣ್ಣದ ಕಾರ್ಡನ್ನು ಅಭಿಯಾನ ಹಂಚುತ್ತದೆ. ಗಂಡು ಹೆಣ್ಣಿನ ಕಾರ್ಡು ಸೇರಿಸಿ ನೋಡಿದರೆ ಮಕ್ಕಳಿಗೆ ಕಾಯಿಲೆ ಬರುವ ಸಾಧ್ಯತೆ ತಿಳಿಯುತ್ತದೆ, ಜಾತಕ ನೋಡಿದ ಹಾಗೆ. ಇಬ್ಬರೂ ವಾಹಕರಾದರೆ ಪ್ರತಿ ಬಸುರಿನಲ್ಲೂ ಕಾಯಿಲೆಯ ಸಾಧ್ಯತೆ 25 ಪ್ರತಿಶತ, ವಾಹಕ ಮಗುವಿನದು 50, ಏನೂ ಇಲ್ಲದ್ದು 25. ‘ನಾಲ್ಕರಲ್ಲಿ ಒಂದು’ ಎಂದು ಹೇಳಿದಾಗ ಮೊದಲ ಮಗುವಿಗೆ ಬಂದಾಯಿತು, ಇನ್ನು ಮೂರಕ್ಕೆ ಭಯವಿಲ್ಲ ಎಂದು ಅರ್ಥ ಮಾಡಿಕೊಂಡವರು ಕಡಿಮೆಯೇನಲ್ಲ. ಪ್ರತಿ ಸಲವೂ ಹೊಸ ಚೀಟಿ ಎತ್ತಿದಂತೆ ಎಂದು ಹೇಳುವುದು ಮೇಲು. ಕಾರ್ಡು ಊರಿನವರ ಮುಂದೆ ಬಟವಾಡೆಯಾದರೆ ಅದರ ಭಾರ ಹೊರುವುದು ಹುಡುಗಿಯರು. ವಾಹಕಳಿಗೂ ಸಂಬಂಧ ತಪ್ಪುತ್ತದೆ. ಹೀಗಾದ ಹಾಡಿಯಲ್ಲಿ ಮುಂದಿನ ಶಿಬಿರಕ್ಕೆ ಮದುವೆಯ ವಯಸ್ಸಿನ ಹುಡುಗಿಯರು ಬರುವುದಿಲ್ಲ. ಬಸುರಿಯಲ್ಲಿ ಪಾಸಿಟಿವ್ ಎಂದು ಐದನೇ ತಿಂಗಳಿನಲ್ಲಿ ಗೊತ್ತಾಗಿ, ಆಮೇಲೆ ಗಂಡನನ್ನು ಹುಡುಕಿ ಪರೀಕ್ಷಿಸಿ, ಭ್ರೂಣದ ತಪಾಸಣೆಗೆ ಕಳಿಸುವಷ್ಟರಲ್ಲಿ ಹೊತ್ತು ಮೀರಿರುತ್ತದೆ. 10–12ನೇ ವಾರದಲ್ಲಿ ಆಗಬೇಕಾದ ಕೆಲಸ ಅದು. ತಾಯಿ ಕಾರ್ಡಿನ ಮೊದಲ ಪುಟದಲ್ಲೇ ಇಬ್ಬರ ಸ್ಥಿತಿ ಬರೆಯಲು ಒಂದು ಚೌಕ ಇದ್ದರೆ ವಾರಗಳು ಉಳಿಯುತ್ತವೆ.

ನಕ್ಷೆ ಮಾಡುವ ಬಗೆ

ಒಂದು ತಾಲ್ಲೂಕಿಗೆ ಐದು ಕಾಲಾವಧಿ ಸಾಕು. ಬೆರಳು ಚುಚ್ಚಿದ ದಿನದಿಂದ ದೃಢಪಟ್ಟ ವರದಿಯನ್ನು ಮನೆಯವರು ನೇರವಾಗಿ ಕೇಳಿ ತಿಳಿದ ದಿನದವರೆಗೆ. ಒಂದು ತಿಂಗಳ ಮಾತ್ರೆ ಮುಗಿದು ಮುಂದಿನದು ಕೈಗೆ ಬರುವವರೆಗೆ. ನೋವು ಶುರುವಾಗಿ ಮೊದಲ ಸರಿಯಾದ ನಿವಾರಕದವರೆಗೆ. ಮಗುವಿಗೆ 101 ಡಿಗ್ರಿ ಜ್ವರ ಬಂದಾಗಿನಿಂದ ಮೊದಲ ಆ್ಯಂಟಿಬಯೋಟಿಕ್‌ವರೆಗೆ. ರಕ್ತ ಬೇಕೆಂದು ಬರೆದುಕೊಟ್ಟಾಗಿನಿಂದ ಬಾಟಲಿ ಏರುವವರೆಗೆ. ಒಂದನ್ನೂ ಕಚೇರಿಯಲ್ಲಿ ಕೂತು ಅಂದಾಜಿಸಬಾರದು. ಕಳೆದ ಒಂದು ವರ್ಷದಲ್ಲಿ ನಡೆದದ್ದನ್ನು ಮನೆಯವರನ್ನೇ ಕೇಳಿ, ಮಳೆಗಾಲಕ್ಕೊಂದು ಬೇಸಿಗೆಗೊಂದು ಎಂದು ಎರಡು ಸಲ ಬರೆಯಬೇಕು. ಆಸ್ಪತ್ರೆಯ ಸಾಲಿನಲ್ಲಿ ನಿಂತವರನ್ನು ಮಾತ್ರ ಕೇಳಿದರೆ ತಡೆ ದಾಟಿ ಬಂದವರ ನಕ್ಷೆಯಾಗುತ್ತದೆ, ದಾಟಲಾಗದವರದಲ್ಲ. ‘ಔಷಧ ಇದೆಯೇ?’ ಎಂದು ಫಾರ್ಮಸಿಸ್ಟರನ್ನು ಕೇಳಿದರೆ ಉತ್ತರ ಯಾವಾಗಲೂ ಇದೆ ಎಂದೇ. ಮನೆಯಲ್ಲಿ ಉಳಿದ ಕ್ಯಾಪ್ಸೂಲ್ ಎಣಿಸಿ, ಸ್ಟ್ರಿಪ್ಪಿನ ಹಿಂದಿನ ದಿನಾಂಕ ನೋಡಬೇಕು.

ಸೋರಿಕೆ ಎಲ್ಲಿ ಹೆಚ್ಚು ಎಂದು ತಿಳಿಯಲು ಒಂದು ಕಾಲ್ಪನಿಕ ಲೆಕ್ಕ. ನೂರು ರೋಗಿಗಳಿದ್ದಾರೆ ಎಂದುಕೊಳ್ಳಿ. ದೃಢಪರೀಕ್ಷೆ, ವರದಿ ತಲುಪಿಸುವುದು, ಔಷಧ ಆರಂಭ, ಮೂರು ತಿಂಗಳ ನಿಗಾ, ವರ್ಷದ ಕೊನೆಗೂ ಮುಂದುವರಿಕೆ ಎಂಬ ಐದು ಹಂತಗಳಲ್ಲಿ ಪ್ರತಿಯೊಂದರಲ್ಲೂ 80 ಪ್ರತಿಶತ ಜನ ಮುಂದೆ ಸಾಗಿದರೂ ಕೊನೆಗೆ ಉಳಿಯುವವರು 33. ಪ್ರತಿ ಹಂತದ ಅಧಿಕಾರಿಯೂ ‘ನನ್ನದು ಎಂಬತ್ತು’ ಎಂದು ಸಭೆಯಲ್ಲಿ ಎದೆಯುಬ್ಬಿಸಬಹುದು. ಐದೂ ಹಂತಗಳನ್ನು ಒಂದೇ ಹಾಳೆಯಲ್ಲಿ, ಒಬ್ಬರ ಹೆಸರಿನಲ್ಲಿ ಇಡದಿದ್ದರೆ ಉಳಿದ 67 ಜನ ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ಹಾಳೆ ಗೋಡೆಗೆ ಅಂಟಿಸುವಂಥದ್ದಲ್ಲ. ಇಪ್ಪತ್ತು ಮನೆಗಳ ಹಾಡಿಯ ಮೇಲೆ ಒಂದು ಕೆಂಪು ಚುಕ್ಕೆ ಇಟ್ಟರೆ ಅದು ಯಾರ ಮನೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಹೊರಗೆ ತೋರಿಸುವ ನಕ್ಷೆ ಪಂಚಾಯಿತಿ ಮಟ್ಟದ್ದಿರಲಿ, ಹೆಸರಿನ ಹಾಳೆ ಆಶಾ ಕಾರ್ಯಕರ್ತೆ ಮತ್ತು ವೈದ್ಯಾಧಿಕಾರಿಯ ಬಳಿ ಇರಲಿ. ಕಾಡಂಚಿನ ಹೊರಗೂ ಒಂದು ಕಣ್ಣಿರಬೇಕು: ಒಡಿಶಾ, ಛತ್ತೀಸಗಡ, ಜಾರ್ಖಂಡ್‌ನಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದವರಲ್ಲೂ ಈ ಕಾಯಿಲೆ ಇರುತ್ತದೆ, ಮತ್ತು ನಗರದ ವೈದ್ಯರಿಗೆ ಅದು ಥಟ್ಟನೆ ಹೊಳೆಯುವುದಿಲ್ಲ.

ಅಮೆರಿಕದಲ್ಲಿ 2023ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಪಡೆದ ಎರಡು ಜೀನ್ ಚಿಕಿತ್ಸೆಗಳ ಬೆಲೆ ತಲೆಗೆ 20 ಲಕ್ಷ ಡಾಲರ್ ಮೀರಿದೆ. ಅದರ ಸುದ್ದಿ ಕೇಳಿ ಕಾಯುವವರು ಇದ್ದಾರೆ. ಅಷ್ಟರೊಳಗೆ ಕೈಯಲ್ಲಿರುವ ಕೆಲಸ ಚಿಕ್ಕದು. ಕಾಫಿ ಕೊಯ್ಲಿಗೆ ಹುಣಸೂರು, ಹೆಗ್ಗಡದೇವನಕೋಟೆಯ ಹಾಡಿಗಳಿಂದ ಕೊಡಗಿನ ತೋಟಗಳಿಗೆ ಜನ ಹೊರಡುತ್ತಾರೆ. ಬೆಳಗಿನ ಚಳಿ, ನಿಂತು ಮಾಡುವ ದುಡಿಮೆ, ಶೌಚಾಲಯವಿಲ್ಲದ್ದರಿಂದ ಹೆಂಗಸರು ನೀರು ಕುಡಿಯದೆ ಇರುವುದು ಎಲ್ಲವೂ ನೋವನ್ನು ಕರೆಯುವ ಸಂಗತಿಗಳೇ. ಅವರ ಮಾತ್ರೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಅವರು ತೋಟದ ಲೈನ್ ಮನೆಯಲ್ಲಿ. ಹೊರಡುವ ಮೊದಲೇ ಮೂರು ತಿಂಗಳದ್ದು ಒಟ್ಟಿಗೆ ಕೊಡಬೇಕು, 750 ಮಿಲಿಗ್ರಾಂನವರಿಗೆ ಅದು 135 ಕ್ಯಾಪ್ಸೂಲ್. ಹಾಗೆ ಕೊಡಲು ವೈದ್ಯರಿಗೆ ಹೊಸ ರಕ್ತ ಎಣಿಕೆ ಬೇಕು, ಎಣಿಕೆಗೆ ರೀಏಜೆಂಟ್ ಬೇಕು. ತೋಟದ ಜೀಪು ಡಿಸೆಂಬರ್‌ನಲ್ಲಿ ಬರುತ್ತದೆ. ರೀಏಜೆಂಟಿನ ಬೇಡಿಕೆ ಪತ್ರ ಅಕ್ಟೋಬರ್‌ನಲ್ಲೇ ಹೋಗಿರಬೇಕು.